ನಾನೂರು ಕುದುರೆಯ ಭಾವ

ಹೊಸ ಕಾರು ಕಂಡಾಗ ಬೆಲೆ ಎಷ್ಟು, ಮೈಲೇಜ್ ಎಷ್ಟು ಎಂದು ಕೇಳುವವರು ಸಂಸಾರಸ್ಥರು. ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತೆ ಎಂದು ಕೇಳುವವರು ಮನೆಯಲ್ಲಿ ಮದುವೆ ಇಟ್ಟುಕೊಂಡವರು. ‘ಎಷ್ಟು ಬಿಎಚ್‌ಪಿ?’ ಎಂದು ಕೇಳುವವರದು ಮಾತ್ರ ಬೇರೆಯೇ ಪಂಗಡ. ಬಾನೆಟ್ ಎತ್ತಿಸುವವರೆಗೆ ಅವರಿಗೆ ಸಮಾಧಾನವಿಲ್ಲ. ಎತ್ತಿದ ಮೇಲೆ ಕಾಣುವುದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಮಾತ್ರ. ಆದರೂ ಸೊಂಟದ ಮೇಲೆ ಕೈಯಿಟ್ಟು, ಎಕ್ಸ್‌ರೇ ನೋಡುವ ಡಾಕ್ಟರ ಗಾಂಭೀರ್ಯದಿಂದ ‘ಹೂಂ’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಈ ಪಂಗಡ ದಿನೇದಿನೇ ಬೆಳೆಯುತ್ತಿದೆ. ರಸ್ತೆ ಬೆಳೆಯುತ್ತಿಲ್ಲ.

ಈ ಪಂಗಡದ ಮುಂದಾಳೊಬ್ಬರು ನನಗೆ ಷಡ್ಡಕರಾಗಿ ಒದಗಿದ್ದಾರೆ. ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಭಾವ ಅನ್ನುತ್ತೇನೆ. ಮಕ್ಕಳು ಎದುರಿಗೆ ‘ದೊಡ್ಡಪ್ಪ’ ಎಂದೂ ಹಿಂದಿನಿಂದ ‘ಕುದುರೆ ದೊಡ್ಡಪ್ಪ’ ಎಂದೂ ಕರೆಯುತ್ತಾರೆ. ಪೀಣ್ಯದಲ್ಲಿ ಎರಡು ಲೇತ್ ಹಾಕಿಕೊಂಡು ಶುರುಮಾಡಿದ ವರ್ಕ್‌ಶಾಪನ್ನು ಇಪ್ಪತ್ತು ಜನರ ಕಾರ್ಖಾನೆ ಮಾಡಿದ ಮನುಷ್ಯ. ಮಗ ವ್ಯವಹಾರ ವಹಿಸಿಕೊಂಡ ವರ್ಷವೇ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದರು. ಎರಡು ಬಾಗಿಲು, ಎಂಟು ಸಿಲಿಂಡರು, 400 ಎಚ್‌ಪಿ. ಪೂಜೆಗೆ ನಾವೆಲ್ಲ ಹೋಗಿದ್ದೆವು. ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ 400 ಎಂಬ ಸಂಖ್ಯೆ ಪುರೋಹಿತರಿಗೂ ಬಾಯಿಪಾಠವಾಗಿತ್ತು.

ಬ್ರೋಷರ್ ಓದಿದ ದಿನ ನನಗೊಂದು ಸಣ್ಣ ತರಲೆ ಹೊಳೆಯಿತು. ಅದರಲ್ಲಿ ಬರೆದದ್ದು 400 ಪಿಎಸ್. ಒಂದು ಪಿಎಸ್ ಅಂದರೆ 735.5 ವ್ಯಾಟ್, ಒಂದು ಎಚ್‌ಪಿ 746 ವ್ಯಾಟ್. ಆ ಲೆಕ್ಕಕ್ಕೆ ಭಾವನ ಕಾರಿನಲ್ಲಿದ್ದದ್ದು 394 ಚಿಲ್ಲರೆ.

“ಆರು ಕುದುರೆ ಎಲ್ಲಿ ಹೋದವು ಭಾವ?”

“ಅದು ಜರ್ಮನಿ ಕುದುರೆ ಕಣಯ್ಯಾ. ಸ್ವಲ್ಪ ಗಿಡ್ಡಕ್ಕಿರುತ್ತೆ,” ಅಂದರು. ಆಮೇಲೂ ಎಲ್ಲ ಕಡೆ 400 ಎಂದೇ ಹೇಳಿಕೊಂಡು ಬಂದರು.

ಇನ್ನೊಮ್ಮೆ ನಾನು ಜೇಮ್ಸ್ ವಾಟ್‌ನ ಕತೆ ತೆಗೆದೆ. ಹದಿನೆಂಟನೇ ಶತಮಾನದಲ್ಲಿ, ಕುದುರೆ ಕಟ್ಟಿ ಗಾಣ ತಿರುಗಿಸುತ್ತಿದ್ದವರಿಗೆ ತನ್ನ ಉಗಿಯಂತ್ರ ಮಾರಬೇಕಾಗಿ ಬಂದಾಗ ಅವನು ಕಟ್ಟಿದ ಅಳತೆ ಇದು: ನಿಮಿಷಕ್ಕೆ 33,000 ಅಡಿ-ಪೌಂಡ್. ಅಂದರೆ ಹುಟ್ಟಿದಾಗಿನಿಂದಲೂ ಎಚ್‌ಪಿ ವ್ಯಾಪಾರಿಯ ಬಾಯಲ್ಲೇ ಬೆಳೆದ ಸಂಖ್ಯೆ. ನಿಜವಾದ ಕುದುರೆಯೊಂದು ದಿನವಿಡೀ ದುಡಿದರೆ ಒಂದು ಎಚ್‌ಪಿಗೆ ಎಟುಕುವುದು ಕಷ್ಟ. ಕೆಲವೇ ಸೆಕೆಂಡು ಮೈಮುರಿದು ಎಳೆದರೆ ಹದಿನೈದರ ಹತ್ತಿರ ಹೋಗಬಲ್ಲದು. ಭಾವ ಮೌನವಾದರು. ಬೆರಳು ಮಡಿಚಿ ಲೆಕ್ಕ ಹಾಕಿದರು. “ಹಾಗಾದ್ರೆ ನನ್ನ ಕಾರಲ್ಲಿ ಇರೋದು ಬರೀ 27 ಕುದುರೆ ಅಂತೀಯಾ?” ಯುಗಾದಿ ಹಬ್ಬದ ಊಟಕ್ಕೆ ಕೂತ ಹೊತ್ತು ಅದು. ಒಬ್ಬಟ್ಟು ಬಡಿಸುವಾಗಲೂ ಅವರ ಮುಖ ತಿಳಿಯಾಗಲಿಲ್ಲ. ಅಕ್ಕನ ಮನೆ ಊಟ ಉಂಡು ಇಂಥ ಮಾತಾಡಬಾರದೆಂದು ದಾರಿಯಲ್ಲಿ ನನ್ನ ಹೆಂಡತಿ ತಿಳಿಹೇಳಿದಳು.

ಇವೆಲ್ಲ ಸಹಿಸಬಹುದಾದದ್ದು. ಭಾನುವಾರ ಬೆಳಿಗ್ಗೆ ಲೇಔಟಿನ ನಿದ್ದೆಗೆ ಬೆಂಕಿಯಿಡುವ ಕೋಲ್ಡ್ ಸ್ಟಾರ್ಟ್, ಮಾತುಮಾತಿಗೆ ‘ಟಾರ್ಕ್ ಬೇರೆ, ಪವರ್ ಬೇರೆ’ ಎಂಬ ಪಾಠ, ಟೈರಿನ ಬೆಲೆಯನ್ನು ಅಕ್ಕನಿಂದ ಮುಚ್ಚಿಡುವ ಚಾಣಾಕ್ಷತನ, ಎಲ್ಲಕ್ಕೂ ನಾವು ಒಗ್ಗಿಕೊಂಡಿದ್ದೇವೆ. ಒಗ್ಗದೇ ಉಳಿದಿರುವುದು ಹಂಪ್.

ಹಂಪ್ ಹೀಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬರೆದಿಟ್ಟಿದೆ: 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರ. ನಮ್ಮಲ್ಲಿ ಹಂಪ್ ಹುಟ್ಟುವ ವಿಧಾನ ಬೇರೆ. ಯಾರದೋ ಮನೆ ಮುಂದೆ ಯಾರೋ ಜೋರಾಗಿ ಬೈಕ್ ಓಡಿಸುತ್ತಾರೆ. ಮಾರನೇ ವಾರ ಹತ್ತಿರದಲ್ಲಿ ಟಾರು ಹಾಕುತ್ತಿದ್ದವರನ್ನು ಕಾಫಿ ಕುಡಿಸಿ ಕರೆತರುತ್ತಾರೆ. ಬೆಳಗಾಗುವಷ್ಟರಲ್ಲಿ ರಸ್ತೆಗಡ್ಡವಾಗಿ ಒಂದು ದಿಂಡು ಮಲಗಿರುತ್ತದೆ. ರಾಜಾಜಿನಗರದಿಂದ ನಾಲ್ಕೂ ದಿಕ್ಕಿಗೆ ಇರುವ ಇಂಥ ದಿಂಡುಗಳ ಎತ್ತರ ಭಾವನಿಗೆ ಮುಖಸ್ಥ. ಅದಕ್ಕೊಂದು ಡೈರಿಯೇ ಇದೆ.

ಕಳೆದ ವೈಶಾಖದಲ್ಲಿ ಬಸವನಗುಡಿಯ ಛತ್ರವೊಂದರಲ್ಲಿ ಹತ್ತಿರದ ನಂಟರ ಮದುವೆ. ‘ಅತ್ತೆ ನನ್ನ ಕಾರಲ್ಲೇ ಬರಲಿ’ ಎಂದು ಭಾವ ಹಟ ಹಿಡಿದರು. ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಕೂತರು ಅನ್ನುವುದಕ್ಕಿಂತ ಇಳಿದರು ಅನ್ನಬೇಕು. ಸೀಟು ನೆಲಕ್ಕೆ ಅಷ್ಟು ಹತ್ತಿರ. ಹಿಂದೆ, ಸೀಟು ಎಂದು ಕಂಪನಿಯವರು ನಂಬಿರುವ ಜಾಗದಲ್ಲಿ, ತಾಂಬೂಲದ ಚೀಲ ತೊಡೆಯ ಮೇಲಿಟ್ಟುಕೊಂಡು ಮೊಣಕಾಲನ್ನು ಗದ್ದಕ್ಕೆ ಆನಿಸಿ ನಾನು. ಪಕ್ಕಕ್ಕೆ ತಿರುಗಿದರೆ ಬಿಎಂಟಿಸಿ ಬಸ್ಸಿನ ಚಕ್ರದ ನಟ್ಟುಗಳನ್ನು ಎಣಿಸಬಹುದಿತ್ತು.

“ಹದಿನೈದೇ ನಿಮಿಷ ಅತ್ತೆ,” ಅಂದರು ಭಾವ.

ಮೊದಲ ಸಿಗ್ನಲ್ಲಿನಲ್ಲೇ ಹತ್ತು ಎಚ್‌ಪಿ ಆಸುಪಾಸಿನ ಆಟೋವೊಂದು ನಮ್ಮ ಎಡಗಡೆ ತೂರಿಕೊಂಡು ಬಂದು ನಿಂತಿತು. ಡ್ರೈವರು ಬಗ್ಗಿ, ಕಾರನ್ನು ಮೂತಿಯಿಂದ ಬಾಲದವರೆಗೆ ಮೆಚ್ಚಿ, ಬಹಳ ಗೌರವದಿಂದ ಕೇಳಿದ: “ಮೈಲೇಜ್ ಎಷ್ಟ್ ಕೊಡುತ್ತೆ ಸಾರ್?” ಭಾವ ಎಂದೂ ಸುಳ್ಳು ಹೇಳುವವರಲ್ಲ. ಆವತ್ತು ಕನ್ನಡಕ ಸರಿಮಾಡಿಕೊಂಡು “ಹನ್ನೆರಡು” ಅಂದರು. ಊರೊಳಗೆ ಅದು ಐದು ಕೊಟ್ಟರೆ ಹಬ್ಬ. ಹಸಿರು ಬಂತು, ಆಟೋ ಹೋಯಿತು, ನಾವು ಮುಂದಿನ ಟೆಂಪೋದ ಹೊಗೆಯಲ್ಲಿ ಉಳಿದೆವು.

ಹಂಪ್ ತಪ್ಪಿಸುವ ಸಲುವಾಗಿ ಹಿಡಿದ ಸುತ್ತುದಾರಿಯಲ್ಲೇ ಹೊಸ ಹಂಪೊಂದು ಎದುರಾಯಿತು. ಡೈರಿಯಲ್ಲಿ ಇಲ್ಲದ್ದು. ಭಾವ ಕಾರು ನಿಲ್ಲಿಸಿ, ಇಳಿದು, ಮಂಡಿಯೂರಿ, ದಿಂಡಿನ ಪಕ್ಕ ಗೇಣು ಹಾಕಿ ನೋಡಿದರು. ಹಿಂದಿನವರು ಹಾರನ್ ಶುರುಮಾಡಿದ್ದರು. ಓರೆಯಾಗಿ ಹತ್ತಿಸಿ ನೋಡಿದರು. ಕೆಳಗೆ ‘ಕರ್ರ್’ ಎಂದಿತು. ಆ ಸದ್ದಿಗೆ ಭಾವ ತಮ್ಮ ಬೆನ್ನಿಗೇ ಗರಗಸ ತಾಗಿದವರಂತೆ ಕಣ್ಣುಮುಚ್ಚಿದರು. ಆಮೇಲೆ, ನಾನು ಯಾವತ್ತೂ ಮರೆಯದ ವಿನಯದಿಂದ, “ಅತ್ತೆ, ಒಂದು ನಿಮಿಷ ಇಳೀತೀರಾ?” ಎಂದರು.

ಧರ್ಮಾವರಂ ಸೀರೆ, ಮಂಡಿನೋವು, ಎಪ್ಪತ್ತೆಂಟರ ಪ್ರಾಯ. ನಾನೊಂದು ಕೈ, ಎಳನೀರು ಮಾರುತ್ತಿದ್ದವನೊಂದು ಕೈ ಹಿಡಿದು ಅವರನ್ನು ಮೇಲೆತ್ತಿದೆವು. ಅತ್ತೆ ರಸ್ತೆಯ ಮೇಲೆ ನಿಂತು ಸೆರಗು ಸರಿಮಾಡಿಕೊಂಡು ಕೇಳಿದರು:

“ನಾನೂರು ಕುದುರೆ ಅಂತೀರಿ. ನಾನೊಬ್ಬಳು ಭಾರ ಆದೆನೇ ಅಳಿಯಂದ್ರೇ?”

“ಅದು ಪವರ್ ವಿಷಯ ಅಲ್ಲ ಅತ್ತೆ. ಗ್ರೌಂಡ್ ಕ್ಲಿಯರೆನ್ಸ್ ವಿಷಯ.”

ಖಾಲಿ ಕಾರು ಬಸವನ ಹುಳುವಿನ ಗತಿಯಲ್ಲಿ ಹಂಪ್ ದಾಟಿತು. ಅತ್ತೆ ನಡೆದುಕೊಂಡು ಅದಕ್ಕಿಂತ ಮೊದಲೇ ಆಚೆ ಮುಟ್ಟಿದ್ದರು. ನಾವು ಛತ್ರ ತಲುಪಿದಾಗ ಧಾರೆ ಮುಗಿದಿತ್ತು. ನನ್ನ ಹೆಂಡತಿ ಮತ್ತು ಅಕ್ಕ ಮೆಟ್ರೋದಲ್ಲಿ ಬಂದು ಉಪ್ಪಿಟ್ಟು ಕೇಸರಿಬಾತು ಮುಗಿಸಿ ಎರಡನೇ ಕಾಫಿಯಲ್ಲಿದ್ದರು.

ಆ ರಾತ್ರಿ ಸಿಟ್ಟಿಗೆ ಕೂತು ಲೆಕ್ಕ ಹಾಕಿದೆ. ಟಾಮ್‌ಟಾಮ್‌ನವರ 2022ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡುವೆ ಹತ್ತು ಕಿಲೋಮೀಟರು ಸಾಗಲು 29 ನಿಮಿಷ. ಗಂಟೆಗೆ ಹೆಚ್ಚುಕಡಿಮೆ 20 ಕಿಲೋಮೀಟರು. ಸಮತಟ್ಟಾದ ರಸ್ತೆಯಲ್ಲಿ ಸಾಧಾರಣ ಕಾರೊಂದನ್ನು ಆ ವೇಗದಲ್ಲಿ ಸಾಗಿಸಲು ಬೇಕಾದ ಶಕ್ತಿ ಒಂದು ಎಚ್‌ಪಿಗಿಂತ ತುಸು ಹೆಚ್ಚು, ಅಷ್ಟೇ. ಮೈಸೂರಿನ ಜಟಕಾದ ಕುದುರೆಗೆ ಎರಡು ಹಿಡಿ ಹುರುಳಿ ಜಾಸ್ತಿ ಹಾಕಿದರೆ ಮುಗಿಯಿತು. ಉಳಿದ 398 ಕುದುರೆಗಳು ಲಾಯದಲ್ಲಿ ನಿಂತು ತಿನ್ನುತ್ತಿರುತ್ತವೆ, ಅದೂ ಬಂಕಿನಲ್ಲಿ ಸಿಗುವ ಅತಿ ದುಬಾರಿ ಪೆಟ್ರೋಲನ್ನೇ.

ಹೈವೇಗೆ ಬೇಕಲ್ಲ ಎನ್ನುತ್ತಾರೆ ಭಾವ. ನೂರರ ವೇಗದಲ್ಲಿ ಒಂದೇ ಸಮ ಹೋಗಲು ಇಪ್ಪತ್ತು ಎಚ್‌ಪಿ ಒಳಗೇ ಸಾಕು. ಗಾಳಿಯ ತಡೆ ಮೀರಲು ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ, ನಿಜ. ಇನ್ನೂರು ಮುಟ್ಟಬೇಕೆಂದರೆ ನೂರು ಎಚ್‌ಪಿಯಷ್ಟು ಬೇಕಾಗುತ್ತದೆ. ಆದರೆ ಇನ್ನೂರು ಮುಟ್ಟುವುದೆಲ್ಲಿ? ಮೈಸೂರು ಹೆದ್ದಾರಿಯಲ್ಲಿ ಮಿತಿ 100, ತಲೆಯ ಮೇಲೆ ಕ್ಯಾಮೆರಾ. 130 ದಾಟಿದರೆ ಎಫ್‌ಐಆರ್ ಎಂದು 2024ರಲ್ಲಿ ಪೊಲೀಸರೇ ಹೇಳಿಬಿಟ್ಟರು. ಭಾವನ ಕಾರು ಎರಡನೇ ಗೇರಿನಲ್ಲೇ ನೂರು ಮುಟ್ಟುತ್ತದೆ. ಇರುವ ಆರು ಗೇರಿನಲ್ಲಿ ಎರಡಕ್ಕೇ ಕಾನೂನು ಮುಗಿಯಿತು.

ಸ್ಪೋರ್ಟ್ಸ್ ಕಾರಿನ ಮೋಜೇ ಬೇಡ ಎಂದು ನಾನು ಹೇಳುತ್ತಿಲ್ಲ. 1989ರಲ್ಲಿ ಮಾಜ್ದಾದವರು ಎಂಎಕ್ಸ್-5 ಎಂಬ ಪುಟ್ಟ ಎರಡು ಸೀಟಿನ ಕಾರು ತಂದರು. 1.6 ಲೀಟರ್ ಇಂಜಿನ್ನು, 115ರ ಸುಮಾರು ಎಚ್‌ಪಿ, ತೂಕ ಒಂದು ಟನ್ನಿಗಿಂತ ಕಡಿಮೆ. ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಗಿ ದಾಖಲೆ ಮಾಡಿತು. ಕೊಂಡವರು ಅದರ ಗೇರುಗಳನ್ನೆಲ್ಲ ಹಾಕಿ, ಆಕ್ಸಿಲರೇಟರನ್ನು ಕೊನೆಯವರೆಗೂ ಒತ್ತಿ, ಮನೆಗೆ ಬಂದು ಊಟ ಮಾಡುತ್ತಾರೆ. ಬೀದಿಗೆ ಅಷ್ಟು ಸಾಕು; ನನ್ನನ್ನು ಕೇಳಿದರೆ ಅದೂ ಧಾರಾಳವೇ. ಆದರೆ ನನ್ನನ್ನು ಯಾರು ಕೇಳುತ್ತಾರೆ? ನನ್ನ ಕಾರಿನದು 67. ಎಸಿ ಹಾಕಿಕೊಂಡು ಫ್ಲೈಓವರ್ ಹತ್ತುವಾಗ ಅದರಲ್ಲೂ ಕೆಲವು ರಜೆ ಹಾಕುತ್ತವೆ. ಸಾಲದ್ದಕ್ಕೆ, ಭಾವನ ಕಾರಿನ ಮುಂದೆ ಕಾಲೇಜು ಹುಡುಗರು ಸೆಲ್ಫಿ ತೆಗೆಸಿಕೊಳ್ಳುವಾಗ ಬಾಗಿಲಿಗೆ ಒರಗಿ, ಬೀಗದ ಕೈ ಹುಡುಕುವವನಂತೆ ಜೇಬು ತಡಕಾಡುವ ಚಟವೂ ನನಗಿದೆ.

ಭಾವ ಪೂರ್ತಿ ಕುದುರೆಗಳನ್ನು ದುಡಿಸಿದ್ದನ್ನು ನಾನು ನೋಡಿದ್ದು ತೊಂಬತ್ತರ ದಶಕದಲ್ಲಿ. ಆಗ ಅವರಲ್ಲಿ ಇದ್ದದ್ದು ಹಳೇ ಮಾರುತಿ 800. 796 ಸಿಸಿ, ಬಿಎಚ್‌ಪಿ ನಲವತ್ತೂ ಇಲ್ಲ. ನಾಲ್ಕು ಜನ ದೊಡ್ಡವರು, ಎರಡು ಮಕ್ಕಳು, ಒಂದು ಬುಟ್ಟಿ ಚಕ್ಕುಲಿ. ಶೃಂಗೇರಿ ಮುಗಿಸಿ ಆಗುಂಬೆ ಇಳಿದು ಉಡುಪಿಗೆ ಹೋಗಿ, ಅದೇ ದಾರಿಯಲ್ಲಿ ಹತ್ತಿದೆವು. ಹದಿನಾಲ್ಕು ತಿರುವು. ಪ್ರತಿ ತಿರುವಿಗೂ ಮೊದಲು ಭಾವ ಉಸಿರು ಬಿಗಿಹಿಡಿದು ಎರಡನೇ ಗೇರಿಗೆ ಬೀಳುತ್ತಿದ್ದರು. ಇಂಜಿನ್ನು ಕಿರುಚುತ್ತಿತ್ತು. ಒಳಗಿದ್ದ ನಾವೂ ಮುಂದಕ್ಕೆ ಬಾಗಿ ನಮ್ಮ ಪಾಲಿನ ಎಳೆತ ಕೊಡುತ್ತಿದ್ದೆವು. ಮೇಲೆ ಮುಟ್ಟಿದಾಗ ಭಾವನ ಅಂಗಿ ಬೆನ್ನಿಗೆ ಅಂಟಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟು ನಕ್ಕರು. ಆ ನಗೆ ಕೆಂಪು ಕಾರಿನ ಪಕ್ಕ ನಿಂತಾಗ ಬರುವುದಿಲ್ಲ. ಅಲ್ಲಿ ಬರುವುದು ಫೋಟೋದ ನಗೆ.

ಹಾಗಾದರೆ ಈ 400 ಯಾತಕ್ಕೆ? ಒಂದು ಭಾನುವಾರ ನಂದಿಬೆಟ್ಟದ ಕೆಳಗೆ ಅದಕ್ಕೆ ಉತ್ತರದಂಥದ್ದೇನೋ ಸಿಕ್ಕಿತು. ನಸುಕಿಗೇ ಹೊರಟಿದ್ದೆವು. ನಮ್ಮಂತೆಯೇ ಅರ್ಧ ಬೆಂಗಳೂರೂ ಹೊರಟಿತ್ತು. ಹಿಂದೆ ಮುಂದೆ ಕೆಂಪು, ಹಳದಿ, ಗಿಣಿಹಸಿರು ಕಾರುಗಳು; ಎಲ್ಲ ಸೇರಿ ಕೆಲವು ಸಾವಿರ ಕುದುರೆಗಳು ಒಂದು ಟೆಂಪೋ ಟ್ರಾವೆಲರಿನ ಹಿಂದೆ ಮಾರುದ್ದ ಮಾರುದ್ದ ತೆವಳುತ್ತಿದ್ದವು. ಭಾವ ಇಂಜಿನ್ ಆಫ್ ಮಾಡಿದರು. ಕಿಟಕಿಯಾಚೆ ದ್ರಾಕ್ಷಿ ತೋಟವೊಂದರಲ್ಲಿ ಮೋಟರಿನ ಸದ್ದು ಕೇಳುತ್ತಿತ್ತು.

“ಐದು ಎಚ್‌ಪಿ,” ಅಂದರು, ಕಿವಿಯಲ್ಲೇ ಅಳೆದು.

ಆಮೇಲೆ ಕೇಳದೆಯೇ ಹೇಳಿದರು. ತಿಪಟೂರಿನ ಕಡೆ ಅವರಪ್ಪನ ತೆಂಗಿನ ತೋಟದಲ್ಲಿದ್ದದ್ದು 3 ಎಚ್‌ಪಿ ಮೋಟರು. ಸೊಸೈಟಿಯಲ್ಲಿ ಸಾಲ ಎತ್ತಿ ಹಾಕಿಸಿದ್ದು. ಪಕ್ಕದ ತೋಟದವರದು 5. ತ್ರೀ ಫೇಸ್ ಕರೆಂಟು ಬರುತ್ತಿದ್ದದ್ದು ರಾತ್ರಿ ಹೊತ್ತು. ಹುಡುಗನಾಗಿದ್ದ ಭಾವ ಟಾರ್ಚು ಹಿಡಿದು ಸ್ಟಾರ್ಟರಿನ ಪಕ್ಕ ಕೂತಿರಬೇಕು. “ಅವರು ಸ್ವಿಚ್ ಹಾಕಿದ ತಕ್ಷಣ ವೋಲ್ಟೇಜ್ ಬಿದ್ದು ನಮ್ಮದು ಗುಂಯ್ ಅಂತ ನಿಂತುಬಿಡೋದು ಕಣಯ್ಯಾ. ಅವರದಾಗೋವರೆಗೂ ಕಾಯಬೇಕು. ಅಪ್ಪ ಅಷ್ಟು ಹೊತ್ತೂ ಬದುವಿನ ಮೇಲೆ ಬೀಡಿ ಸೇದ್ತಾ, ಇನ್ನೆರಡು ಎಚ್‌ಪಿ ಇದ್ದಿದ್ರೆ, ಇನ್ನೆರಡು ಎಚ್‌ಪಿ ಇದ್ದಿದ್ರೆ, ಅನ್ನೋನು.”

ನನ್ನ ಹತ್ತಿರ ಒಂದೊಳ್ಳೆ ಚಟಾಕಿ ತಯಾರಿತ್ತು. ಹೇಳಲಿಲ್ಲ. ಅಷ್ಟರಲ್ಲಿ ಹಿಂದಿನ ಹಳದಿ ಕಾರು ಹಾರನ್ ಮಾಡಿತು. ಭಾವ ಕನ್ನಡಿಯಲ್ಲಿ ಅದನ್ನು ನೋಡಿ, “300 ಕೂಡ ಇಲ್ಲ ಅದು,” ಎಂದು ಗೊಣಗಿ ಸ್ಟಾರ್ಟ್ ಮಾಡಿದರು.

ಈಗ ಅವರ ಕಣ್ಣು ಎಲೆಕ್ಟ್ರಿಕ್ ಕಾರುಗಳ ಮೇಲೆ ಬಿದ್ದಿದೆ. ಅದರಲ್ಲಿ ಆರುನೂರು ಸಿಗುತ್ತದಂತೆ. ನಿಂತಲ್ಲಿಂದಲೇ ಪೂರಾ ಟಾರ್ಕ್ ಅಂತೆ. ಅಕ್ಕ ಇನ್ನೂ ಒಪ್ಪಿಲ್ಲ. ಹೋದ ವಾರ ಊರಿನ ತೋಟಕ್ಕೆ ಹೋಗಿಬರಬೇಕಾಯಿತು. ಮಳೆಗೆ ಬಂಡಿದಾರಿ ಕೊಚ್ಚಿಹೋಗಿದೆ, ಕೆಂಪು ಕಾರು ಅಲ್ಲಿಗೆ ಇಳಿಯುವುದಿಲ್ಲ ಎಂದು ನನ್ನ ಕಾರು ಕೇಳಿದರು. ಕೊಟ್ಟೆ. ಮೂರು ದಿನ ಬಿಟ್ಟು, ಡಿಕ್ಕಿ ತುಂಬ ತೆಂಗಿನಕಾಯಿ, ಬಾಗಿಲವರೆಗೆ ಕೆಸರು ಮೆತ್ತಿಸಿಕೊಂಡು ತಂದು ನಿಲ್ಲಿಸಿದರು. ಅಂಗಿ ಬೆನ್ನಿಗೆ ಅಂಟಿತ್ತು.

“ಪರವಾಗಿಲ್ಲ, ಎಳೆಯುತ್ತೆ ಕಣಯ್ಯಾ ನಿನ್ ಗಾಡಿ,” ಅಂದರು ಕೀ ಕೊಡುತ್ತ. “ಒಂದು ರೀಮ್ಯಾಪ್ ಮಾಡಿಸಿಬಿಟ್ರೆ ಇನ್ನೊಂದೈದು ಎಚ್‌ಪಿ ಬರುತ್ತೆ ನೋಡು.”

ರೀಮ್ಯಾಪ್ ಮಾಡುವ ಹುಡುಗನ ನಂಬರು ಆ ರಾತ್ರಿಯೇ ವಾಟ್ಸಾಪಿಗೆ ಬಂತು. ಎಷ್ಟಾಗುತ್ತದೆ ಅಂತ ಸುಮ್ಮನೆ ಕೇಳಿಟ್ಟಿದ್ದೇನೆ.