ಗೃಹಸ್ಥನ ಶಿರಸ್ತ್ರಾಣ

ತಾನಾಗಿ ಕಪ್ಪಾಗುವ ವೆಲ್ಡಿಂಗ್ ಹೆಲ್ಮೆಟ್ಟು ಹುಟ್ಟಿದ್ದು ನುರಿತ ಕೆಲಸಗಾರನಿಗಾಗಿ ಎಂಬುದು ನಿಜವಾದರೂ, ಅದರ ಅಗತ್ಯ ಹೆಚ್ಚಾಗಿರುವುದು ‘ನಾಳೆ ಬರ್ತೀನಿ’ ಎಂದು ಹೋದ ವೆಲ್ಡರನಿಗಾಗಿ ಕಾದು ಸಾಕಾಗಿ, ಗೇಟಿನ ಕೊಂಡಿಯನ್ನು ತಾನೇ ಬೆಸೆಯುವ ಹಟದಿಂದ ಸಣ್ಣ ಇನ್ವರ್ಟರ್ ಮೆಷಿನ್ ತಂದಿಟ್ಟುಕೊಂಡ ಗೃಹಸ್ಥನಿಗೆ. ನುರಿತವನು ಸಾದಾ ಕಪ್ಪುಗಾಜಿನ ಹಿಂದಿನ ಕತ್ತಲಲ್ಲಿಯೂ ರಾಡನ್ನು ಸಂದಿಗೇ ಇಳಿಸಬಲ್ಲನು. ಗೃಹಸ್ಥನು ಅದೇ ಕತ್ತಲಲ್ಲಿ ಕಿಡಿ ಹೊಡೆದರೆ ಬೆಸುಗೆಯು ಕೊಂಡಿಯಿಂದ ಎರಡಿಂಚು ಆಚೆ ಕೋಳಿಹಿಕ್ಕೆಯಂತೆ ಬೀಳುತ್ತದೆ.

ಈ ಕಷ್ಟಕ್ಕೆ ಪರಿಹಾರವಾಗಿ 1981ರಲ್ಲಿ ಸ್ವೀಡನ್ನಿನ ಹಾರ್ನೆಲ್ ಕಂಪನಿಯು ‘ಸ್ಪೀಡ್‌ಗ್ಲಾಸ್’ ಎಂಬ ಹೆಸರಿನಲ್ಲಿ ಹೊರತಂದ ಗಾಜಿನೊಳಗೆ ದ್ರವಸ್ಫಟಿಕ, ಅಂದರೆ ಕ್ಯಾಲ್ಕುಲೇಟರಿನ ಅಂಕಿಗಳನ್ನು ಕಪ್ಪಾಗಿ ಮೂಡಿಸುವ ಪದಾರ್ಥ, ಇದ್ದು, ಹಣೆಯ ಬಳಿಯ ಸಂವೇದಕಗಳು ಕಿಡಿಯನ್ನು ಕಂಡೊಡನೆ ಅದು ಕಪ್ಪಾಗುತ್ತದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ 1/25,000 ಸೆಕೆಂಡ್ ಎಂಬುದು ಈ ವೇಗವೇ. ರೆಪ್ಪೆ ಮಿಟುಕಲು ಸುಮಾರು ಹತ್ತನೇ ಒಂದು ಸೆಕೆಂಡ್ ಹಿಡಿಯುತ್ತದೆಯಾದರೂ, ಗೃಹಸ್ಥನು 1/30,000 ಇದೆಯೇ ಎಂದು ವಿಚಾರಿಸದೆ ಬಿಡುವುದಿಲ್ಲ. ಅವನು ವಿಚಾರಿಸಬೇಕಾದದ್ದು ಬೇರೆಯೇ ಇದೆ. ಬೆಸುಗೆ ಮುಗಿದು ಹಲವು ಗಂಟೆಗಳಾದ ಮೇಲೆ, ನಡುರಾತ್ರಿಯಲ್ಲಿ, ಕಣ್ಣಿಗೆ ಮರಳು ಸುರಿದಂತೆ ನೋಯಿಸಿ ಮನೆಯವರನ್ನೆಲ್ಲ ಸೌತೆಕಾಯಿ ಹೆಚ್ಚಲು ಎಬ್ಬಿಸುವುದು ನೇರಳಾತೀತ ಕಿರಣ. ಮಾನಕಕ್ಕೆ ಒಪ್ಪುವ ಹೆಲ್ಮೆಟ್ಟಿನಲ್ಲಿ ಅದನ್ನು ತಡೆಯುವ ಪದರವು ಗಾಜು ಕಪ್ಪಾಗಲಿ ಬಿಡಲಿ ಸದಾ ತಡೆಯುತ್ತಲೇ ಇರುತ್ತದೆ.

ಗಾಜಿನ ಕಪ್ಪನ್ನು ಸೂಚಿಸುವ ಅಂಕಿಯು ಶೇಡ್ ನಂಬರು. ಒಂದೊಂದು ನಂಬರು ಏರಿದಂತೆ ಒಳಬರುವ ಬೆಳಕು ಸುಮಾರು 2.7 ಪಟ್ಟು ಕಡಿಮೆಯಾಗುತ್ತದೆ; ನೂರು ಆಂಪಿಯರಿನ ಆಸುಪಾಸಿನ ಮನೆಗೆಲಸಕ್ಕೆ 10 ಅಥವಾ 11 ಸಾಕಾಗುತ್ತದೆ. ಇನ್ನು 1/1/1/2 ಎಂಬ ನಾಲ್ಕಂಕಿಯ ಸಾಲು ಗಾಜಿನ ಸ್ಪಷ್ಟತೆಯನ್ನು ಅಳೆಯುವ ಯುರೋಪಿನ ದರ್ಜೆಯಾಗಿದ್ದು, ಶಾಲೆಯ ಲೆಕ್ಕಕ್ಕೆ ವಿರುದ್ಧವಾಗಿ ಇಲ್ಲಿ ಕಡಿಮೆ ಅಂಕ ಪಡೆದದ್ದೇ ಜಾಣ. ಹೊರಮೈಯ ತಲೆಬುರುಡೆ, ಹದ್ದು, ಬೆಂಕಿಯ ಚಿತ್ರಗಳಿಗೆ ಯಾವ ದರ್ಜೆಯೂ ಇಲ್ಲ. ಅವುಗಳಿಗೆ ಹಣ ತೆತ್ತವನಿಗೆ ಧರಿಸಿದಾಗ ಅವು ಕಾಣುವುದೂ ಇಲ್ಲ.

ಅಂಗಡಿಯ ಬಾಗಿಲಿಗೆ ಬಂದು ಹೆಲ್ಮೆಟ್ಟನ್ನು ಸೂರ್ಯನತ್ತ ಹಿಡಿಯುವ ಪರೀಕ್ಷೆಯಲ್ಲಿ ಬಹುತೇಕ ಎಲ್ಲವೂ ತೇರ್ಗಡೆಯಾಗುತ್ತವೆ. ನಿಜವಾದ ಪರೀಕ್ಷೆ ಬ್ಯಾಟರಿಯದು. ಆಯುಧಪೂಜೆಗೆ ಕುಂಕುಮ ಹಚ್ಚಿಸಿಕೊಂಡು ವರ್ಷವಿಡೀ ಅಟ್ಟದಲ್ಲಿ ಮಲಗುವ ಹೆಲ್ಮೆಟ್ಟಿನ ಬ್ಯಾಟರಿಯು ಸತ್ತರೆ, ಅದನ್ನು ಬದಲಿಸುವ ಮುಚ್ಚಳವಿಲ್ಲದ ಅಗ್ಗದ ಮಾದರಿಯು ಗುಜರಿಗೆ ಹೋಗಬೇಕಾಗುತ್ತದೆ. ಆದ್ದರಿಂದ ಕೊಳ್ಳುವವನು ಮೊದಲು ಹುಡುಕಬೇಕಾದದ್ದು ಆ ಮುಚ್ಚಳವನ್ನೇ.

ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಉಳಿಯುತ್ತದೆ. ಮನೆಯ ಬೆಸುಗೆಯಲ್ಲಿ ಗೇಟನ್ನು ಹಿಡಿದು ನಿಲ್ಲಲು ಇನ್ನೊಬ್ಬರು ಬೇಕೇ ಬೇಕು. ಆ ಇನ್ನೊಬ್ಬರು ಸಾಮಾನ್ಯವಾಗಿ ಮನೆಯಾಕೆಯಾಗಿದ್ದು, ಆಕೆಗೆ ದೊರೆಯುವ ರಕ್ಷಣೆಯೆಂದರೆ ‘ಆ ಕಡೆ ನೋಡು’ ಎಂಬ ಒಂದು ಮಾತು. ಆಕೆಗೆ ಸಂದಿ ಕಾಣಬೇಕಾಗಿಲ್ಲವಾದ್ದರಿಂದ 11ನೆಯ ನಂಬರಿನ ಸಾದಾ ಕಪ್ಪುಗಾಜಿನ ಹೆಲ್ಮೆಟ್ಟೇ ಸಾಕು. ಅದಕ್ಕೆ ಬ್ಯಾಟರಿಯೂ ಬೇಕಿಲ್ಲ.