ಸಡಿಲ ಲಗಾಮು

ಹೊಸವರ್ಷದ ಹೊತ್ತಿಗೆ ನಮ್ಮ ಸಭೆಯಲ್ಲಿ ಒಡಂಬಡಿಕೆಯ ಆರಾಧನೆ ನಡೆಯುತ್ತದೆ. ಹಳೇ ಮೈಸೂರಿನ ಕಡೆ ವೆಸ್ಲಿಯನ್ ಮಿಷನ್ನಿನವರು ಕಟ್ಟಿದ ಸಭೆಗಳು 1947ರಲ್ಲಿ ಸಿ.ಎಸ್.ಐ. ಸೇರುವಾಗ ಜೊತೆಗೆ ತಂದ ಆಸ್ತಿಯಲ್ಲಿ ಇದೂ ಒಂದು. ಜಾನ್ ವೆಸ್ಲಿಯವರು 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇದನ್ನು ಮೊದಲ ಬಾರಿಗೆ ನಡೆಸಿದಾಗ ಸುಮಾರು 1,800 ಜನ ಒಟ್ಟಿಗೆ ಎದ್ದು ನಿಂತರಂತೆ. ನಾವೂ ಎದ್ದು ನಿಲ್ಲುತ್ತೇವೆ. ದೇವರಿಗೆ ಕೊಡುವ ಮಾತಿನ ಸಾರಾಂಶ ಇಷ್ಟು: ಯಾವ ಕೆಲಸಕ್ಕೆ ಹಚ್ಚಿದರೂ ಸೈ, ಯಾರ ಪಕ್ಕ ಕೂರಿಸಿದರೂ ಸೈ, ಮೂಲೆಗೆ ತಳ್ಳಿದರೂ ಚಕಾರವೆತ್ತುವುದಿಲ್ಲ.

ಆಮೆನ್ ಮುಗಿದು ಚರ್ಚಿನ ಮೆಟ್ಟಿಲಿಳಿಯುವಷ್ಟರಲ್ಲಿ ಪಾಸ್ಟರೇಟ್ ಕಮಿಟಿ ಚುನಾವಣೆಯ ಮಾತು ಶುರುವಾಗಿರುತ್ತದೆ. ಮೂಲೆಗೆ ತಳ್ಳೆಂದು ಈಗಷ್ಟೇ ಕಣ್ಣಲ್ಲಿ ನೀರು ತುಂಬಿಕೊಂಡು ಬೇಡಿದವರೆಲ್ಲ ಅಭ್ಯರ್ಥಿಗಳು. ಯಾರ ಪಕ್ಕವಾದರೂ ಸೈ ಎಂದವರು, ಫ್ಯಾನಿನ ಕೆಳಗಿನ ತಮ್ಮ ಬೆಂಚಿನಲ್ಲಿ ಮುಂದಿನ ಭಾನುವಾರ ಬೇರೆ ಯಾರಾದರೂ ಕೂತಿದ್ದರೆ ಪಕ್ಕದಲ್ಲೇ ನಿಂತು ಕೆಮ್ಮುತ್ತಾರೆ. ಆ ಕೆಮ್ಮಿಗೆ ಔಷಧಿಯಿಲ್ಲ, ಜಾಗ ಖಾಲಿ ಮಾಡಬೇಕಷ್ಟೆ.

ಇದನ್ನು ಕಪಟವೆಂದು ಕರೆಯಲು ನನಗೆ ಮನಸ್ಸಿಲ್ಲ. ಪ್ರಾಣವನ್ನೇ ಕೊಟ್ಟೆ ಎಂದರೆ ದೇವರು ಆವತ್ತೇ ಬಂದು ಕೇಳುವುದಿಲ್ಲ. ಬೆಂಚಾದರೆ ಮುಂದಿನ ಭಾನುವಾರವೇ ಕೇಳಿಬಿಡುತ್ತಾನೆ. ಬಾಳನ್ನು ಸಗಟಾಗಿ ಒಪ್ಪಿಸುವುದು ಸುಲಭ. ಬಿಡಿಬಿಡಿಯಾಗಿ ಒಪ್ಪಿಸಲು ಹೋದಾಗಲೇ ಕೈ ನಡುಗುವುದು. ಬಿಡಿಬಿಡಿಯಾಗಿ ಒಪ್ಪಿಸಿದವರೂ ಇದ್ದಾರೆ. ಇಂಗ್ಲೆಂಡಿನ ಫ್ರಾನ್ಸಿಸ್ ಹ್ಯಾವರ್ಗಲ್ ತನ್ನನ್ನು ಕೈಯಿಂದ ಕಾಲಿನವರೆಗೆ ದೇವರಿಗೆ ಅರ್ಪಿಸಿಕೊಂಡು 1874ರಲ್ಲಿ ಒಂದು ಹಾಡು ಬರೆದಳು. ಅದರಲ್ಲಿ ಬೆಳ್ಳಿಬಂಗಾರದ ಮಾತೂ ಇದೆ. ನಾಲ್ಕು ವರ್ಷದ ನಂತರ ಆ ಸಾಲು ಅವಳನ್ನೇ ಹಿಡಿದುಕೊಂಡಿತು. ಹೆಚ್ಚುಕಡಿಮೆ ಐವತ್ತು ಒಡವೆಗಳನ್ನು ಕಟ್ಟಿ ಮಿಷನ್ ಸಂಘಕ್ಕೆ ಕಳಿಸಿಬಿಟ್ಟಳು. ಅಪ್ಪ ಅಮ್ಮನ ನೆನಪಿಗೆಂದು ಒಂದೆರಡು ಬ್ರೋಚು ಇಟ್ಟುಕೊಂಡಳು ನಿಜ, ಆದರೆ ಅವುಗಳ ಬೆಲೆಯನ್ನೂ ಕಟ್ಟಿದಳು. ನಮ್ಮಲ್ಲಿ ಆ ಚರಣ ಬಂದಾಗ ಹೆಂಗಸರ ಕೈ ತಾನಾಗಿ ಕೊರಳಿಗೂ ಗಂಡಸರ ಕೈ ಜೇಬಿಗೂ ಹೋಗುತ್ತದೆ. ಎಲ್ಲ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ರಾಗ ಜೋರಾಗುತ್ತದೆ.

ತುಮಕೂರಿನ ನಮ್ಮ ದೊಡ್ಡಮ್ಮ ಒಪ್ಪಿಸುವ ಕಲೆಯಲ್ಲಿ ಪಳಗಿದವರು. "ಕರ್ತನ ಕೈಗೆ ಒಪ್ಪಿಸಿಬಿಟ್ಟಿದ್ದೀನಪ್ಪ, ಇನ್ನು ಅವನುಂಟು" ಎನ್ನುವುದು ಗ್ಯಾಸ್ ಸಿಲಿಂಡರಿನಿಂದ ಹಿಡಿದು ಮೊಣಕಾಲು ನೋವಿನವರೆಗೆ ಎಲ್ಲದಕ್ಕೂ ಅವರ ಮಾತು. ಮಗಳ ಮದುವೆಯನ್ನು ಒಪ್ಪಿಸಿದ ದಿನ ಕುಟುಂಬ ಪ್ರಾರ್ಥನೆಯಲ್ಲಿ ನಾನೂ ಮೊಣಕಾಲೂರಿದ್ದೆ. ಎಲ್ಲ ನಿನ್ನ ಚಿತ್ತ ಎಂದು ಶುರುವಾಯಿತು. ಆಮೇಲೆ ಆ ಚಿತ್ತ ಹೇಗಿರಬೇಕೆಂಬ ವಿವರ. ಹುಡುಗನಿಗೆ ಸೆಂಟ್ರಲ್ ಗೌರ್ಮೆಂಟ್ ಕೆಲಸ, ಟ್ರಾನ್ಸ್‌ಫರ್ ಇರಬಾರದು. ಬೆಂಗಳೂರಲ್ಲಿ ಸ್ವಂತ ಮನೆ, ಬೋರ್‌ವೆಲ್ ಬೇಡ, ಕಾವೇರಿ ನೀರೇ ಆಗಬೇಕು. ಅತ್ತೆ ಇದ್ದರೆ ಇರಲಿ, ಮಹಡಿ ಮೇಲೆ ಇರಲಿ. "ಮಹಡಿ ಮೇಲೆ, ಕರ್ತನೇ" ಎಂದು ಇನ್ನೊಮ್ಮೆ ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಬರೆದುಕೊಳ್ಳುವವರಿಗೆ ಸಮಯ ಬೇಕಲ್ಲ.

ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ತಟ್ಟೆಯಲ್ಲಿ ವಾಗ್ದಾನದ ಕಾರ್ಡುಗಳು ಬರುತ್ತವೆ. ನೋಡದೆ ಒಂದನ್ನು ಎತ್ತಿಕೊಳ್ಳಬೇಕು. ಅದರಲ್ಲಿರುವ ವಚನವೇ ಆ ವರ್ಷಕ್ಕೆ ದೇವರು ನಮಗೆ ಕೊಟ್ಟ ಮಾತು. ಒಂದು ಸಲ ದೊಡ್ಡಮ್ಮನಿಗೆ ತಾಳ್ಮೆಯ ವಚನ ಬಂತು. ಪಕ್ಕದಲ್ಲಿದ್ದ ಪಾಸ್ಟರಮ್ಮನ ಕಾರ್ಡಿನಲ್ಲಿ ಸಮೃದ್ಧಿ. "ಅಮ್ಮಾ, ಇದು ನಿಮಗೇ ಬರಬೇಕಾಗಿದ್ದು. ಪಾಸ್ಟರ ಮನೇಲಿ ತಾಳ್ಮೆ ಎಷ್ಟಿದ್ರೂ ಸಾಲದು" ಎಂದು ಬದಲಾಯಿಸಿಕೊಂಡೇಬಿಟ್ಟರು. ದೊಡ್ಡಮ್ಮನನ್ನು ಆಡಿಕೊಳ್ಳುವವರು ಯೋನನ ಪುಸ್ತಕ ಓದಲಿ. ನಿನೆವೆಗೆ ಹೋಗೆಂದು ದೇವರು ಹೇಳಿದರೆ ಆ ಪ್ರವಾದಿ ಯೊಪ್ಪಕ್ಕೆ ಬಂದು ತಾರ್ಷೀಷಿನ ಹಡಗು ಹತ್ತಿದ. ಪ್ರಯಾಣದ ದುಡ್ಡನ್ನು ತಾನೇ ಕೊಟ್ಟ ಎಂಬುದನ್ನೂ ಬೈಬಲ್ ಬಿಡದೆ ದಾಖಲಿಸಿದೆ. ರಿಫಂಡ್ ಸಿಕ್ಕಿದ ಪ್ರಸ್ತಾಪವಿಲ್ಲ.

ಲಗಾಮನ್ನು ನಿಜವಾಗಿಯೂ ಕೈಯಾರೆ ಬಿಟ್ಟ ಇಬ್ಬರ ಕಥೆ ನನಗೆ ಬಲು ಇಷ್ಟ. ಒಬ್ಬರು ಲೊಯೋಲಾದ ಇಗ್ನೇಷಿಯಸ್. 1522ರಲ್ಲಿ, ಇನ್ನೂ ಸೈನಿಕನ ಬಿಸಿ ಆರದೆ, ಭಕ್ತಿಯೂ ಹೊಸದಾಗಿ ಏರಿದ್ದಾಗ, ಹೇಸರಗತ್ತೆ ಏರಿ ಮೊಂಟ್ಸೆರಾಟ್‌ಗೆ ಹೊರಟಿದ್ದರು. ದಾರಿಯಲ್ಲಿ ಜೊತೆಯಾದ ಮೂರ್ ಜನಾಂಗದ ಸವಾರನೊಬ್ಬ ಮರಿಯಮ್ಮನ ಕನ್ಯತ್ವದ ಬಗ್ಗೆ ವಾದ ಮಾಡಿ ಮುಂದೆ ಹೋದ. ಅವನನ್ನು ಹಿಂಬಾಲಿಸಿ ಇರಿಯುವುದೋ ಬಿಡುವುದೋ ಇವರಿಗೆ ಬಗೆಹರಿಯಲಿಲ್ಲ. ದಾರಿ ಕವಲೊಡೆಯುವಲ್ಲಿ ಲಗಾಮು ಬಿಟ್ಟು ತೀರ್ಮಾನವನ್ನು ಹೇಸರಗತ್ತೆಗೇ ಒಪ್ಪಿಸಿದರು. ಆ ಮನುಷ್ಯ ಹೋದ ಹಳ್ಳಿಯ ದಾರಿ ಹತ್ತಿರದ್ದು, ಅಗಲವಾದದ್ದು. ಹೇಸರಗತ್ತೆ ಹೆದ್ದಾರಿ ಹಿಡಿಯಿತು. ಒಂದು ಜೀವ ಉಳಿಯಿತು, ಇನ್ನೊಂದು ಕೊಲೆಯಿಂದ ಪಾರಾಯಿತು. ಸರಿಯಾಗಿ ನೂರು ವರ್ಷಕ್ಕೆ, 1622ರಲ್ಲಿ, ಇಗ್ನೇಷಿಯಸ್ಸರಿಗೆ ಸಂತ ಪದವಿ ಸಿಕ್ಕಿತು. ತೀರ್ಪು ಕೊಟ್ಟದ್ದಕ್ಕೆ ಹೇಸರಗತ್ತೆಗೆ ಒಂದು ಹಿಡಿ ಹುರುಳಿಯನ್ನಾದರೂ ಹೆಚ್ಚಿಗೆ ಕೊಟ್ಟಿದ್ದರೆ ನನಗೆ ಸಮಾಧಾನ.

ಇನ್ನೊಬ್ಬರು ಅದೇ ವೆಸ್ಲಿ. ಕುದುರೆಯ ಮೇಲೆ ಕೂತೇ ಚರಿತ್ರೆ, ಕಾವ್ಯ, ತತ್ವಶಾಸ್ತ್ರ ಓದುತ್ತಿದ್ದವರು. ಲಗಾಮು ಸಡಿಲ ಬಿಟ್ಟು ಲಕ್ಷ ಮೈಲಿಗೂ ಮಿಕ್ಕಿ ಸವಾರಿ ಮಾಡಿದ್ದರೂ ಕುದುರೆ ಎಡವಿದ್ದು ನೆನಪೇ ಇಲ್ಲವೆಂದು 1770ರ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಎರಡು ಕುದುರೆಗಳನ್ನು ಮಾತ್ರ ಲೆಕ್ಕದಿಂದ ಬಿಟ್ಟಿದ್ದಾರೆ; ಅವು ಹೇಗೆ ಹಿಡಿದರೂ ಮುಗ್ಗರಿಸುವ ಜಾತಿಯವಂತೆ.

ಈ ಇಬ್ಬರೂ ಮೈಗಳ್ಳರಲ್ಲ. ಇಗ್ನೇಷಿಯಸ್ಸರು ಯೇಸು ಸಭೆ ಕಟ್ಟಿ ಏಳು ಸಾವಿರದ ಹತ್ತಿರ ಹತ್ತಿರ ಪತ್ರ ಬರೆದು ನಡೆಸಿದರು. ವೆಸ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ದಿನದ ಗಂಟೆಗಂಟೆಗೂ ಲೆಕ್ಕ ಬರೆದವರು. ಲಗಾಮು ಬಿಟ್ಟರೇ ಹೊರತು ಸವಾರಿ ಬಿಡಲಿಲ್ಲ. ನಮ್ಮ ಯೂತ್‌ನಲ್ಲಿ ಕೆಲವು ಹುಡುಗರು ಪರೀಕ್ಷೆಯನ್ನು ದೇವರಿಗೆ ಒಪ್ಪಿಸಿದೆವೆಂದು ಪುಸ್ತಕ ಮುಚ್ಚಿಟ್ಟು ಉಪವಾಸ ಪ್ರಾರ್ಥನೆಗೆ ಹೆಸರು ಕೊಡುತ್ತಾರೆ. ಅವರಿಗಿಂತ ದೇವರಿಗೇ ದಾರಿ ಹೇಳಿಕೊಡುವ ನಮ್ಮ ದೊಡ್ಡಮ್ಮ ಎಷ್ಟೋ ವಾಸಿ. ಅವರು ಸವಾರಿಯಲ್ಲಾದರೂ ಇದ್ದಾರೆ.

ಮಗಳಿಗೆ ಕೊನೆಗೆ ಸಿಕ್ಕಿದ್ದು ಕೆ.ಜಿ.ಎಫ್. ಹುಡುಗ. ಖಾಸಗಿ ಕಂಪನಿ, ಹೊಸಕೋಟೆಯಲ್ಲಿ ಬಾಡಿಗೆ ಮನೆ, ಟ್ಯಾಂಕರ್ ನೀರು. ಅತ್ತೆ ಮಾತ್ರ ಪ್ರಾರ್ಥಿಸಿದಂತೆಯೇ ಮಹಡಿ ಮೇಲೆ ಇದ್ದಾರೆ. ಬಾಡಿಗೆಗೆ ಸಿಕ್ಕಿದ್ದೇ ಮಹಡಿ ಮನೆಯಾದ್ದರಿಂದ ಎಲ್ಲರೂ ಮಹಡಿ ಮೇಲೇ ಇದ್ದಾರೆ. ಅಳಿಯ ಬಂಗಾರದಂಥ ಮನುಷ್ಯ, ಅತ್ತೆಯೂ ಒಳ್ಳೆಯವರು. ಈಗ ದೊಡ್ಡಮ್ಮ, "ನಾನು ಕೇಳಿದ್ದನ್ನೆಲ್ಲ ಕೊಟ್ಟಿದ್ದರೆ ಈ ಹುಡುಗ ತಪ್ಪಿಹೋಗ್ತಿದ್ದ ಕಣೋ" ಎನ್ನುತ್ತಾರೆ. ಹೊಸಕೋಟೆಯ ಟ್ಯಾಂಕರಿನವನಿಗೆ ವಾರವಾರವೂ ಫೋನ್ ಮಾಡುವುದು ಮಾತ್ರ ತುಮಕೂರಿನಿಂದ ಅವರೇ.

ಮೊನ್ನೆ ವೆಸ್ಲಿಯವರ ಕುದುರೆಗಳ ಕಥೆ ಹೇಳಿದೆ. ಫೋನು ಕಿವಿಯಲ್ಲಿಟ್ಟುಕೊಂಡೇ ಕೇಳಿದರು. "ಅಷ್ಟು ವರ್ಷಕ್ಕೆ ಎರಡೇನಾ ಮುಗ್ಗರಿಸೋ ಕುದುರೆ? ನನಗೆ ಮನೇಲೇ ಒಂದಿದೆ" ಎಂದು ದೊಡ್ಡಪ್ಪನ ಕಡೆ ನೋಡಿದರು.

ದೊಡ್ಡಪ್ಪ ಪೇಪರಿನ ಹಿಂದಿನಿಂದಲೇ "ಆಮೆನ್" ಎಂದರು.