ಡೈಸಿ ಮಾಮ

ಶಂಕರಪುರದಲ್ಲಿ ಎಲ್ಲರೂ ಮಲ್ಲಿಗೆಯ ಲೆಕ್ಕದಲ್ಲಿ ಮಾತಾಡುತ್ತಾರೆ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನಮ್ಮ ಮಾಮ ಮಾತ್ರ ಇಡಿಯಮ್ಮಿನ ಲೆಕ್ಕದಲ್ಲಿ ಮಾತಾಡುವವರು.

ಮುಂಬೈಯಲ್ಲಿ ಮೂವತ್ತು ವರ್ಷ ದುಡಿದು ಊರು ಸೇರಿದಾಗ ಅವರ ಟ್ರಂಕಿನಲ್ಲಿದ್ದದ್ದು ರಟ್ಟು ಹಾರಿಹೋದ ಒಂದು ಇಂಗ್ಲಿಷ್ ನುಡಿಗಟ್ಟಿನ ಪುಸ್ತಕ. ದಿನಕ್ಕೊಂದು ಬಾಯಿಪಾಠ. ಕೊಯ್ದ ಮೊಗ್ಗಿನ ಹಾಗೆ ಅದು ಅವತ್ತೇ ಖರ್ಚಾಗಬೇಕು, ಯಾರ ತಲೆಗಾದರೂ ಸರಿ. ಒಮ್ಮೆ ಯಕ್ಷಗಾನದ ಚೌಕಿಗೆ ನುಗ್ಗಿ ಪುಂಡುವೇಷದ ಹುಡುಗನಿಗೆ ‘ಬ್ರೇಕ್ ಎ ಲೆಗ್!’ ಎಂದರು. ಇನ್ನು ಹತ್ತು ನಿಮಿಷದಲ್ಲಿ ಧೀಂಗಿಣ ಹಾಕಬೇಕಾದ ಕಾಲು ಅದು! ಇನ್ನೊಮ್ಮೆ ಸಾವಿನ ಮನೆಯಲ್ಲಿ, ತೀರಿಕೊಂಡವರ ಮಗನ ಕೈ ಹಿಡಿದು, ‘ನಿಮ್ಮ ಫಾದರ್ ಕಿಕ್ಡ್ ದ ಬಕೆಟ್ ಅಂತೆ, ವೆರಿ ಸಾರಿ’ ಎಂದರು. ಅರ್ಥ ತಪ್ಪಲ್ಲ. ಆದರೆ ಕನ್ನಡದಲ್ಲಾದರೆ ‘ತೀರಿಕೊಂಡರು’ ಎನ್ನುವ ಕಡೆ ‘ಗೊಟಕ್ ಎಂದರು’ ಎನ್ನುವ ಜನವಲ್ಲ ಅವರು. ಇಂಗ್ಲಿಷಿನಲ್ಲಿ ಮಾತ್ರ ಎಲ್ಲ ಮಾತಿಗೂ ಒಂದೇ ದರ.

ಡೈಸಿಯ ಕತೆ ಹೇಳದಿದ್ದರೆ ಈ ಚಿತ್ರ ಮುಗಿಯದು. ಕೆನಡಾದಲ್ಲಿರುವ ತಂಗಿಯ ಮಗ ಫೋನ್ ಮಾಡಿ ‘ಅಜ್ಜಿ ಹೇಗಿದ್ದಾರೆ ಮಾಮ?’ ಎಂದು ಕೇಳಿದ. ಎಂಬತ್ತು ದಾಟಿದ ಅಜ್ಜಿ ಆಗ ಅಂಗಳದಲ್ಲಿ ಮಲ್ಲಿಗೆ ಗಿಡಕ್ಕೆ ಹಿಂಡಿ ಹಾಕುತ್ತಿದ್ದರು. ಡೈಸಿ ಎಂದರೆ ಹೂ, ಪುಶಿಂಗ್ ಅಪ್ ಎಂದರೆ ಮೇಲೆ ತರುವುದು. ಮಾಮನಿಗೆ ಇಷ್ಟು ಸಾಕಾಯಿತು. ‘ಅಜ್ಜಿ ಈಸ್ ಪುಶಿಂಗ್ ಅಪ್ ಡೈಸೀಸ್!’ ಎಂದರು, ಹೆಮ್ಮೆಯಿಂದ. ಗೋರಿಯ ಅಡಿಯಲ್ಲಿ ಮಲಗಿದವರು ಮಾತ್ರ ಆ ಕೆಲಸ ಮಾಡುವುದೆಂದು ಆ ಪುಟದಲ್ಲಿ ಇತ್ತೋ ಏನೋ, ಗೆದ್ದಲು ತಿಂದಿರಬೇಕು.

ಹುಡುಗ ಬಿಕ್ಕಿದ. ಲೈನ್ ಕಟ್ಟಾಯಿತು. ಸಂಜೆಯೊಳಗೆ ಮಣಿಪಾಲದ ನೆಂಟರು ಎರಡು ಚೆಂಡು ಮಲ್ಲಿಗೆ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಕಾರಿನಿಂದ ಇಳಿದರು. ಜಗಲಿಯಲ್ಲಿ ಬಾಳೆನಾರು ಸೀಳುತ್ತಿದ್ದ ಅಜ್ಜಿ ಹೂವನ್ನು ಕೈಗೆ ತಗೊಂಡು, ತಿರುಗಿಸಿ ನೋಡಿ ಕೇಳಿದರು:

‘ಇದು ಬೆಳಿಗ್ಗೆ ನಾನೇ ಕಟ್ಟಿ ಕಳಿಸಿದ್ದಲ್ವಾ ಮಗಾ? ಎಷ್ಟು ತಗೊಂಡ್ರು?’

ಈಗ ಆ ಮನೆಯಲ್ಲಿ ಫೋನ್ ಎತ್ತುವುದು ಅಜ್ಜಿಯೇ.